ಕರೆಂಟು ಹೋದಾಗ ಪೈಪು ಯಾಕೆ ಒಡೆಯುತ್ತೆ? ಮೊದಲೇ ಲೆಕ್ಕ ಹಾಕೋದು ಹೀಗೆ

ಪೈಪು ಕೊಳ್ಳುವಾಗ ನಾವು ಮೋಟಾರು ಓಡುವಾಗಿನ ಒತ್ತಡ ಮಾತ್ರ ನೋಡುತ್ತೇವೆ. ಪೈಪಿಗೆ ನಿಜವಾದ ಏಟು ಬೀಳೋದು ಮೋಟಾರು ನಿಂತಾಗ. ಇದಕ್ಕೆ ವಾಟರ್ ಹ್ಯಾಮರ್ ಅಂತಾರೆ.

ಹೊಳೆಯಿಂದ 800 ಮೀಟರ್ ದೂರ, 30 ಮೀಟರ್ ಎತ್ತರದ ತೊಟ್ಟಿಗೆ 90 ಎಂಎಂ ಪಿವಿಸಿ ಪೈಪು ಹಾಕಿದ್ದೀರಿ ಎನ್ನಿ.

ಮೊದಲು ನೀರಿನ ವೇಗ ಬೇಕು. 200 ಲೀಟರ್ ಡ್ರಮ್ಮು 25 ಸೆಕೆಂಡಿಗೆ ತುಂಬಿದರೆ ಸೆಕೆಂಡಿಗೆ 8 ಲೀಟರ್. ಪೈಪಿನ ಒಳ ಅಳತೆ ಸುಮಾರು 82 ಎಂಎಂ, ಹಾಗಾಗಿ ವೇಗ ಸೆಕೆಂಡಿಗೆ 1.5 ಮೀಟರ್.

ಇನ್ನು ಏಟಿನ ಲೆಕ್ಕ. ಪಿವಿಸಿಯಲ್ಲಿ ಒತ್ತಡದ ಅಲೆ ಸೆಕೆಂಡಿಗೆ ಸುಮಾರು 400 ಮೀಟರ್ ಓಡುತ್ತದೆ. ಕಬ್ಬಿಣದಲ್ಲಿ ಸಾವಿರದ ಆಸುಪಾಸು, ಅಲ್ಲಿ ಏಟೂ ಜಾಸ್ತಿ. ರಷ್ಯಾದ ನಿಕೊಲಾಯ್ ಜುಕೋವ್‌ಸ್ಕಿ 1898ರಲ್ಲಿ ಪ್ರಕಟಿಸಿದ ಸೂತ್ರ ಸರಳ: ಅಲೆಯ ವೇಗವನ್ನು ನೀರಿನ ವೇಗದಿಂದ ಗುಣಿಸಿ, 9.81ರಿಂದ ಭಾಗಿಸಿ. 400 × 1.5 ÷ 9.81 = 61 ಮೀಟರ್.

ನೀರು ಥಟ್ಟನೆ ನಿಂತರೆ, ಲೆಕ್ಕದ ಪ್ರಕಾರ, ಪಂಪಿನ ಹತ್ತಿರ ಹೆಡ್ (ಒತ್ತಡವನ್ನು ನೀರಿನ ಎತ್ತರದಲ್ಲಿ ಹೇಳುವ ಅಳತೆ) ಮೊದಲು 61 ಮೀಟರ್ ಇಳಿಯುತ್ತದೆ. ಅಲೆ ತೊಟ್ಟಿಗೆ ಹೋಗಿ ಬರಲು 4 ಸೆಕೆಂಡು. ಆಮೇಲೆ 30 + 61 = 91 ಮೀಟರಿಗೆ ಏರುತ್ತದೆ, ಅಂದರೆ ಚದರ ಸೆಂಟಿಮೀಟರಿಗೆ ಹೆಚ್ಚುಕಮ್ಮಿ 9 ಕೆಜಿ ಒತ್ತಡ. 6 ಕೆಜಿ ಪೈಪು ಇದಕ್ಕೆ ಸಾಲದು, ಅಲ್ವಾ? ಘರ್ಷಣೆ ಸೇರಿಸಿದರೆ ಅಂಕಿ ತಗ್ಗುತ್ತದೆ. ಆದರೂ ಪೈಪು ಆರಿಸುವಾಗ ಅದನ್ನು ನೆಚ್ಚಿಕೊಳ್ಳಬೇಡಿ.

ಕ್ಷಣಕ್ಷಣದ ಚಿತ್ರ ಬೇಕಾದರೆ ಎಕ್ಸೆಲ್ ಸಾಕು. ಪೈಪನ್ನು 100 ಮೀಟರಿನ 8 ತುಂಡು ಮಾಡಿ. ಪ್ರತಿ ಸಾಲು 0.25 ಸೆಕೆಂಡು, ಯಾಕೆಂದರೆ ಅಲೆ ಒಂದು ತುಂಡು ದಾಟಲು ಅಷ್ಟೇ ಹೊತ್ತು. ಮೊದಲ ಸಾಲಿನಲ್ಲಿ ಎಲ್ಲ ಕಡೆ ಹೆಡ್ 30, ವೇಗ 1.5 ಎಂದು ಬರೆಯಿರಿ. ಒಂದು ಜಾಗದ ಹೊಸ ಹೆಡ್ ಬೇಕೇ? ಹಿಂದಿನ ಸಾಲಿನಲ್ಲಿ ಅದರ ಅಕ್ಕಪಕ್ಕದ ಹೆಡ್‌ಗಳ ಸರಾಸರಿ ತೆಗೆಯಿರಿ. ಪಂಪಿನ ಕಡೆಯ ವೇಗದಿಂದ ತೊಟ್ಟಿ ಕಡೆಯದನ್ನು ಕಳೆದು, 20.4ರಿಂದ ಗುಣಿಸಿ ಸೇರಿಸಿ. ಹೊಸ ವೇಗಕ್ಕೂ ಇದೇ ದಾರಿ: ವೇಗಗಳ ಸರಾಸರಿಗೆ ಹೆಡ್ ವ್ಯತ್ಯಾಸವನ್ನು 81.5ರಿಂದ ಭಾಗಿಸಿ ಸೇರಿಸಿ. ಪಂಪಿನ ತುದಿಯಲ್ಲಿ ವೇಗ ಸೊನ್ನೆ, ಅಲ್ಲಿನ ಹೆಡ್ ಎಂದರೆ ಪಕ್ಕದ ಹೆಡ್‌ನಿಂದ ಪಕ್ಕದ ವೇಗದ 40.8 ಪಟ್ಟು ಕಳೆದದ್ದು. ತೊಟ್ಟಿಯಲ್ಲಿ ಹೆಡ್ ಯಾವಾಗಲೂ 30. ಅಲ್ಲಿನ ವೇಗಕ್ಕೆ, ಪಕ್ಕದ ಹೆಡ್‌ನಲ್ಲಿ 30 ಕಳೆದು 40.8ರಿಂದ ಭಾಗಿಸಿ, ಪಕ್ಕದ ವೇಗಕ್ಕೆ ಸೇರಿಸಿ.

ಯಾವುದಾದರೂ ಜಾಗದಲ್ಲಿ ಹೆಡ್ ಪೈಪಿನ ಮಟ್ಟಕ್ಕಿಂತ 10 ಮೀಟರ್ ಕೆಳಗೆ ಹೋದರೆ ಈ ಲೆಕ್ಕ ಅಲ್ಲಿಗೆ ನಿಲ್ಲಿಸಿ. ನಮ್ಮ ಉದಾಹರಣೆಯಲ್ಲೂ ಘರ್ಷಣೆ ಬಿಟ್ಟರೆ ಪಂಪಿನ ಹತ್ತಿರ 30 − 61 = −31 ಮೀಟರ್ ಬರುತ್ತದೆ, ಹಾಗಾಗಿ 91ರ ಅಂಕಿ ಬರೀ ಅಂದಾಜು. ನೀರು ಅಲ್ಲಿ ತುಂಡಾಗಿ ಆವಿಯ ಗುಳ್ಳೆ ಹುಟ್ಟುತ್ತದೆ. ಎರಡೂ ಕಡೆಯ ನೀರು ಮತ್ತೆ ಕೂಡುವಾಗಿನ ಏಟು 91 ಮೀಟರನ್ನೂ ದಾಟಬಹುದು. ಪೈಪು ದಿಬ್ಬ ಹತ್ತಿ ಇಳಿಯುವ ಕಡೆ ಈ ಅಪಾಯ ಮೊದಲು ಬರುತ್ತದೆ, ಅಲ್ಲೊಂದು ಏರ್ ವಾಲ್ವ್ ಬೇಕು. ಪಂಪಿನ ಹತ್ತಿರ ಸ್ಪ್ರಿಂಗ್ ಇರುವ ಎನ್‌ಆರ್‌ವಿ (ನೀರು ಹಿಂದಕ್ಕೆ ಬರದಂತೆ ತಡೆಯುವ ವಾಲ್ವ್) ಹಾಕಿ. ನೀರು ಹಿಂದಕ್ಕೆ ಓಡಲು ಶುರುಮಾಡುವ ಮೊದಲೇ ಅದು ಮುಚ್ಚುತ್ತದೆ.