‘ಗ್ಯಾಸ್’ ಎನ್ನುವ ಮೊದಲು ಇಸಿಜಿ

ಅಡಿಕೆ ತೋಟದಿಂದ ಬಂದವರು ಎದೆ ಹಿಡಿದು ಜಗಲಿಯಲ್ಲಿ ಕುಳಿತರೆ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಮನೆಗಳಲ್ಲಿ ಮೊದಲು ಜೀರಿಗೆ ಕಷಾಯ, ಆಮೇಲೆ ಲಿಂಬೆ ಸೋಡಾ. ಒಂದು ತೇಗು ಬಂದರೆ ‘ಗ್ಯಾಸೇ’ ಎಂದು ತೀರ್ಮಾನ. ಆ ತೇಗನ್ನು ನಂಬಬೇಡಿ. ಹೃದಯದ ಕೆಳಗೋಡೆಗೆ ರಕ್ತ ಹರಿಯುವುದು ನಿಂತಾಗಲೂ ಹೊಟ್ಟೆಯ ಮೇಲ್ಭಾಗದಲ್ಲಿ ಉರಿ, ವಾಕರಿಕೆ, ತೇಗು ಬರಬಹುದು. ಆಂಟಾಸಿಡ್ ಕುಡಿದು ನೋವು ಇಳಿಯಿತೆಂದರೂ ಹೃದಯಾಘಾತ ಅಲ್ಲ ಎಂದಾಗುವುದಿಲ್ಲ.

ಮೊದಲು ನೋವು ಶುರುವಾದ ಹೊತ್ತು ಬರೆದಿಡಿ. ಮುಂದಿನ ಚಿಕಿತ್ಸೆಯೆಲ್ಲ ಅದರ ಮೇಲೆ ನಿಂತಿದೆ. ರೋಗಿಯನ್ನು ನಡೆಸದೆ, ಬೆನ್ನಿಗೆ ಆನಿಕೆ ಕೊಟ್ಟು ಕುಳ್ಳಿರಿಸಿ, 108ಕ್ಕೆ ಕರೆ ಮಾಡಿ.

ವಾಹನ ಬರುವಷ್ಟರಲ್ಲಿ ಕೇಳಿ: ಎಲ್ಲಿ? ಬಾಯಿಂದ ಬೇಡ, ಕೈಯಿಂದ ತೋರಿಸಲಿ. ಅಂಗೈಯನ್ನೋ ಮುಷ್ಟಿಯನ್ನೋ ಎದೆಯ ನಡುವೆ ಒತ್ತಿ ಹಿಡಿದರೆ ಹೃದಯದ ಶಂಕೆ ಬಲವಾಗುತ್ತದೆ. ಒಂದೇ ಬೆರಳಿನಿಂದ ಒಂದು ಚುಕ್ಕಿ ತೋರಿಸಿ, ಅಲ್ಲಿ ಒತ್ತಿದಾಗ ‘ಅಯ್ಯೋ’ ಎಂದರೆ ಹೆಚ್ಚಾಗಿ ಅಡಿಕೆ ಕೊಯ್ಯುವ ದೋಟಿ (ಉದ್ದ ಕೋಲು) ಎತ್ತಿ ನೊಂದ ಸ್ನಾಯು, ಇಲ್ಲವೇ ಪಕ್ಕೆಲುಬಿನ ಸಂದು. ಹೆಚ್ಚಾಗಿ ಮಾತ್ರ, ದೋಟಿ ಎತ್ತಿದ ಶ್ರಮ ಹೃದಯಕ್ಕೂ ಹೊರೆಯೇ. ‘ನೋವಿದೆಯಾ’ ಎಂದರೆ ಇಲ್ಲ ಎನ್ನುವವರಿದ್ದಾರೆ. ಭಾರವಾ, ಬಿಗಿತವಾ ಎಂದೂ ಕೇಳಿ. ಸಕ್ಕರೆ ಕಾಯಿಲೆಯವರು, ಹೆಂಗಸರು, ವಯಸ್ಸಾದವರಲ್ಲಿ ನೋವೇ ಇಲ್ಲದೆ ತಣ್ಣನೆ ಬೆವರು, ಏದುಸಿರು, ಸುಸ್ತು ಮಾತ್ರ ಕಾಣಬಹುದು.

ಹೃದಯವೆಂಬ ಶಂಕೆ ಇದ್ದರೆ ಆಸ್ಪಿರಿನ್ 300 ಮಿ.ಗ್ರಾಂ ಜಗಿದು ನುಂಗಲಿ; ಮನೆಯಲ್ಲಿ 75ರ ಮಾತ್ರೆಯಿದ್ದರೆ ನಾಲ್ಕು. ಅಲರ್ಜಿ, ರಕ್ತ ಸೋರುವ ಹುಣ್ಣು ಇದ್ದವರಿಗೆ ಬೇಡ. ಹೆಗಲ ಎಲುಬುಗಳ ನಡುವೆ ಸೀಳಿದಂತೆ ಒಮ್ಮೆಲೇ ಎದ್ದ ನೋವಿಗೂ ಬೇಡ: ಅದು ಹೃದಯದಿಂದ ಹೊರಡುವ ದೊಡ್ಡ ರಕ್ತನಾಳದ, ಅಂದರೆ ಮಹಾಧಮನಿಯ, ಗೋಡೆ ಬಿರಿದದ್ದಾಗಿರಬಹುದು. ನೆರೆಮನೆಯವರ ಸಾರ್ಬಿಟ್ರೇಟ್ (ರಕ್ತನಾಳ ಹಿಗ್ಗಿಸುವ ಮಾತ್ರೆ) ನಾಲಗೆಯಡಿ ಇಡುವ ರೂಢಿ ಬಿಡಿ. ಬಿಪಿ ಮೊದಲೇ ಇಳಿದಿದ್ದರೆ ರೋಗಿ ಕುಸಿಯಬಹುದು.

ಆಸ್ಪತ್ರೆಯ ಮೇಜಿನ ಮುಂದೆ ‘ಗ್ಯಾಸ್’ ಎಂದರೆ ಚೀಟಿಯಲ್ಲೂ ಅದೇ ಕೂರುತ್ತದೆ. ಮಲಯಾಳ ಬಾರದಿದ್ದರೂ ‘ನೆಂಜುವೇದನ’ ಎಂಬ ಒಂದು ಪದ ಸಾಕು. ತಲುಪಿದ 10 ನಿಮಿಷದೊಳಗೆ ಇಸಿಜಿ ಆಗಬೇಕು. ಮೊದಲನೆಯದು ಸರಿಯಿದೆ ಎಂದು ಮನೆಗೆ ಕಳಿಸುವುದೇ ದೊಡ್ಡ ತಪ್ಪು. ನೋವು ನಿಲ್ಲದಿದ್ದರೆ 15ರಿಂದ 30 ನಿಮಿಷಕ್ಕೊಮ್ಮೆ ಮತ್ತೆ ತೆಗೆಯಬೇಕು. ಟ್ರೊಪೊನಿನ್ (ಹೃದಯದ ಸ್ನಾಯುವಿಗೆ ಹಾನಿಯಾದಾಗ ರಕ್ತಕ್ಕೆ ಸೇರುವ ಅಂಶ) ಕೂಡ ಬೇಗ ನೋಡಿದರೆ ಸುಳ್ಳು ಧೈರ್ಯ ಕೊಡುತ್ತದೆ. ಅದು ರಕ್ತದಲ್ಲಿ ಏರಲು ಕೆಲವು ಗಂಟೆ ಬೇಕು. ಕೆಳಗೋಡೆಯ ಆಘಾತವೆಂದಾದರೆ ಇಸಿಜಿಯ ತಂತಿಗಳನ್ನು ಬಲ ಎದೆಗೂ ಅಂಟಿಸಿ (ಬಲ ಎದೆಯ ಲೀಡ್) ನೋಡಬೇಕು.

ಬಿಪಿ ಎರಡೂ ತೋಳಲ್ಲಿ ನೋಡಿ. ಮೇಲಿನ ಅಂಕಿಯಲ್ಲಿ 20ಕ್ಕಿಂತ ಹೆಚ್ಚು ಅಂತರವಿದ್ದರೆ ಮಹಾಧಮನಿಯ ಕಡೆ ಲಕ್ಷ್ಯ ಹೋಗಲಿ. ಒಂದು ಕಾಲು ಬಾತು, ಒಮ್ಮೆಲೇ ಏದುಸಿರು ಬಂದರೆ ಶ್ವಾಸಕೋಶದಲ್ಲಿ ರಕ್ತದ ಹೆಪ್ಪು ಇರಬಹುದು. ತೆಳ್ಳಗಿನ ಯುವಕನ ಒಂದು ಬದಿಯಲ್ಲಿ ಉಸಿರಿನ ಶಬ್ದವೇ ಇಲ್ಲವೆಂದರೆ ಶ್ವಾಸಕೋಶ ಕುಸಿದಿರಬಹುದು. ಜ್ವರ, ಕೆಮ್ಮು ಇದ್ದರೆ ನ್ಯುಮೋನಿಯ ಇರಬಹುದು. ಸರ್ಪಸುತ್ತಿನಲ್ಲಿ ಗುಳ್ಳೆ ಏಳುವ ಮೊದಲೇ ಒಂದು ಬದಿ ಉರಿಯುವುದುಂಟು.

ಇನ್ನು ಮಂಗಳೂರು. ಕಾಸರಗೋಡಿನಿಂದ ಸುಮಾರು 50 ಕಿಲೋಮೀಟರ್. ನೇರ ಅಲ್ಲಿಗೇ ಓಡುವುದಲ್ಲ; ಮೊದಲು ಇಸಿಜಿ ಇರುವ ಹತ್ತಿರದ ಆಸ್ಪತ್ರೆ. ರಕ್ತನಾಳ ಪೂರ್ತಿ ಮುಚ್ಚಿದೆಯೆಂದು ಗೊತ್ತಾದ 120 ನಿಮಿಷದೊಳಗೆ ಅದನ್ನು ತೆರೆಯುವ ಬಲೂನ್ ಚಿಕಿತ್ಸೆ (ಆಂಜಿಯೊಪ್ಲಾಸ್ಟಿ) ಸಾಧ್ಯವಿಲ್ಲದಿದ್ದರೆ, ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಡಬಾರದೆನ್ನುವ ಕಾರಣವಿಲ್ಲವೆಂದಾದರೆ, ಅದನ್ನು ಹತ್ತಿರದ ಆಸ್ಪತ್ರೆಯಲ್ಲೇ ಕೊಡಿಸಿ ಹೊರಡಬೇಕು. ಆಂಬುಲೆನ್ಸ್ ಗಡಿಯ ತಲಪಾಡಿ ದಾಟುವ ಮೊದಲೇ ಇಸಿಜಿಯ ಫೋಟೋ, ನೋವು ಶುರುವಾದ ಹೊತ್ತು, ಆಸ್ಪಿರಿನ್ ಕೊಟ್ಟ ಹೊತ್ತು ಮಂಗಳೂರಿನ ವೈದ್ಯರ ವಾಟ್ಸಾಪಿಗೆ ಹೋಗಿರಲಿ.