ಕಿಡಿ ದಾರಿ ತಪ್ಪದಂತೆ ಪ್ಲಗ್ ವೈರ್ ಎಳೆಯುವುದು ಹೇಗೆ?

ನಿಂತಲ್ಲಿ ಎಂಜಿನ್ ಹದವಾಗಿ ಗುನುಗುತ್ತಿರುತ್ತದೆ. ನಿಧಾನವಾಗಿ ಓಡಿಸಿದರೆ ಯಾವ ತಕರಾರೂ ಇಲ್ಲ. ಏರು ಹತ್ತುವಾಗ ಆಕ್ಸಿಲರೇಟರ್ ಪೂರ್ತಿ ಒತ್ತಿದ ಕೂಡಲೇ ಮಿಸ್ಸಿಂಗ್ ಶುರು. ಕಾರ್ಬ್ಯುರೇಟರ್ ಬಿಚ್ಚಿ ಕಟ್ಟಿದ್ದಾಯಿತು, ಪೆಟ್ರೋಲ್ ಫಿಲ್ಟರ್ ಬದಲಿಸಿದ್ದಾಯಿತು, ಹೊಸ ಪ್ಲಗ್ ಹಾಕಿದ್ದೂ ಆಯಿತು. ರೋಗ ಮಾತ್ರ ಇದ್ದಲ್ಲೇ ಇದೆ. ಎಲ್ಲರೂ ಕೊನೆಗೆ ನೋಡುವ, ಆದರೆ ಮೊದಲೇ ನೋಡಬೇಕಿದ್ದ ವಸ್ತು ಸ್ಪಾರ್ಕ್ ಪ್ಲಗ್ಗಿಗೆ ಕಿಡಿಯ ವಿದ್ಯುತ್ತು ಒಯ್ಯುವ ಪ್ಲಗ್ ವೈರ್.

ಪ್ಲಗ್ಗಿನ ತುದಿಯ ಸಂದಿನಲ್ಲಿರುವ ಅನಿಲದ ಒತ್ತಡ ಹೆಚ್ಚಿದಷ್ಟೂ ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕು. ಐಡ್ಲಿಂಗ್‌ನಲ್ಲಿ ಸಿಲಿಂಡರ್ ಅರೆಬರೆ ತುಂಬಿರುತ್ತದೆ, ಸ್ವಲ್ಪದರಲ್ಲೇ ಕೆಲಸ ಮುಗಿಯುತ್ತದೆ. ಥ್ರಾಟಲ್ ಪೂರ್ತಿ ತೆರೆದಾಗ, ಅದರಲ್ಲೂ ಹೆಚ್ಚು ಕಂಪ್ರೆಷನ್ ಅಥವಾ ಟರ್ಬೊ ಇರುವ ಎಂಜಿನ್‌ನಲ್ಲಿ, ಬೇಕಾಗುವ ವೋಲ್ಟೇಜ್ 20,000 ದಾಟಿ ಇನ್ನೂ ಮೇಲೇರುತ್ತದೆ. ವಿದ್ಯುತ್ತಿಗೆ ಸುಲಭದ ದಾರಿಯೇ ಇಷ್ಟ. ಪ್ಲಗ್ಗಿನ ಸಂದಿಯನ್ನು ಹಾರುವುದಕ್ಕಿಂತ ವೈರಿನ ಬಿರುಕಿನಿಂದ ಸಿಲಿಂಡರ್ ಹೆಡ್ಡಿಗೆ ಹಾರುವುದು ಸುಲಭವಾದರೆ ಅದು ಹಾಗೆಯೇ ಮಾಡುತ್ತದೆ. ವೈರು ಎಂಜಿನ್ನಿನ ಬಲವನ್ನು ಹೆಚ್ಚಿಸುವುದಿಲ್ಲ. ವೋಲ್ಟೇಜ್ ಏರಿಸುವ ಸುರುಳಿಯಾದ ಕಾಯಿಲ್ ಕೊಟ್ಟದ್ದನ್ನು ಸೋರದಂತೆ ಪ್ಲಗ್ಗಿಗೆ ಮುಟ್ಟಿಸುತ್ತದೆ, ಅಷ್ಟೇ. ಡಬ್ಬದ ಮೇಲೆ ಅಶ್ವಶಕ್ತಿಯ ಲೆಕ್ಕ ಬರೆದಿದ್ದರೆ ಡಬ್ಬವನ್ನು ಅಲ್ಲೇ ಬಿಡಿ.

ಹೆಜ್ಜೆ 1: ಇಗ್ನಿಷನ್ ಯಾವ ಬಗೆಯದು?

ಪ್ಲಗ್ಗಿನ ನೆತ್ತಿಯ ಮೇಲೇ ಕಾಯಿಲ್ ಕೂರುವ ಈಚಿನ ಎಂಜಿನ್‌ಗಳಲ್ಲಿ ವೈರ್ ಎಂಬುದೇ ಇಲ್ಲ. ಉಳಿದವುಗಳಲ್ಲಿ ಮೂರು ಬಗೆ: ಡಿಸ್ಟ್ರಿಬ್ಯೂಟರ್ (ಒಂದೇ ಕಾಯಿಲ್ಲಿನ ವಿದ್ಯುತ್ತನ್ನು ಸರದಿಯಂತೆ ಪ್ರತಿ ಪ್ಲಗ್ಗಿಗೂ ಹಂಚುವ ಭಾಗ) ಇರುವವು, ಒಂದು ಕಾಯಿಲ್ ಎರಡು ಸಿಲಿಂಡರ್‌ಗಳಿಗೆ ಏಕಕಾಲಕ್ಕೆ ಕಿಡಿ ಕೊಡುವವು, ಮತ್ತು ಸಿಲಿಂಡರ್‌ಗೊಂದು ಕಾಯಿಲ್ ಇದ್ದು ಅಲ್ಲಿಂದ ಗೇಣುದ್ದದ ವೈರ್ ಬರುವವು. ಕೊನೆಯ ಬಗೆಯಲ್ಲಿ ದಾರಿ ಎಳೆಯುವ ತಲೆನೋವು ಕಡಿಮೆ, ಬಿಸಿಯ ಕಾಟ ಮಾತ್ರ ಅಷ್ಟೇ ಇರುತ್ತದೆ. ತಲೆಕೆಡಿಸುವುದು ಡಿಸ್ಟ್ರಿಬ್ಯೂಟರ್ ಇರುವ ವಿ8, ಅಂದರೆ ಬದಿಗೆ ನಾಲ್ಕರಂತೆ ಎಂಟು ಸಿಲಿಂಡರಿನ ಎಂಜಿನ್. ಹೀಗಾಗಿ ಇಲ್ಲಿ ಅದರದ್ದೇ ಮಾತು ಹೆಚ್ಚು.

ಹೆಜ್ಜೆ 2: ಒಳಗಿನ ಎಳೆ

ವೈರನ್ನು ಕತ್ತರಿಸಿ ನೋಡಿದರೆ ನಡುವಿನ ಎಳೆ ಮೂರು ಬಗೆಯದಿರಬಹುದು. ಮೊದಲನೆಯದು ಗಟ್ಟಿ ಲೋಹದ ತಂತಿ. ಪ್ರತಿರೋಧ ಇಲ್ಲವೆನ್ನುವಷ್ಟು ಕಡಿಮೆ. ಆದರೆ ಪ್ರತಿ ಕಿಡಿಗೂ ಅದು ಪುಟ್ಟ ರೇಡಿಯೊ ಕೇಂದ್ರದಂತೆ ಗದ್ದಲ ಬಿತ್ತರಿಸುತ್ತದೆ. ರೇಡಿಯೊದಲ್ಲಿ ಗರಗರ ಬಂದರೆ ಸಹಿಸಬಹುದು, ಆದರೆ ಎಂಜಿನ್ ತಿರುಗುವುದನ್ನು ಗಮನಿಸುವ ಕ್ರ್ಯಾಂಕ್ ಸೆನ್ಸರಿನ ಸಂಕೇತ ಕೆಟ್ಟು ಕಂಪ್ಯೂಟರ್ ದಿಕ್ಕು ತಪ್ಪಿದರೆ ಎಂಜಿನ್ನೇ ಮುಗ್ಗರಿಸುತ್ತದೆ. ಎಲೆಕ್ಟ್ರಾನಿಕ್ ಇಗ್ನಿಷನ್ ಇರುವ ಕಾರಿಗೆ ಇದು ಬೇಡವೇ ಬೇಡ.

ಎರಡನೆಯದು ಇಂಗಾಲ ಹೀರಿಸಿದ ನಾರಿನ ಎಳೆ. ಅನೇಕ ಕಾರುಗಳು ಕಾರ್ಖಾನೆಯಿಂದ ಇದರೊಂದಿಗೇ ಬಂದಿವೆ. ಅಡಿಗೆ ಕೆಲವು ಸಾವಿರ ಓಮ್ ಪ್ರತಿರೋಧ. ಗದ್ದಲ ಅಡಗಿಸುತ್ತದೆ, ಅಗ್ಗ, ದಿನನಿತ್ಯದ ಓಡಾಟಕ್ಕೆ ಸಾಕು. ಹೆಚ್ಚು ಶಕ್ತಿಯ ಇಗ್ನಿಷನ್ ಬಾಕ್ಸ್ ಹಾಕಿದ ಮೇಲೆ ಮಾತ್ರ ಎಳೆ ಒಳಗೊಳಗೇ ಸುಟ್ಟು ತುಂಡಾಗಬಹುದು.

ಮೂರನೆಯದು ಸುರುಳಿ ಎಳೆ: ಫೆರೈಟ್ ಬೆರೆತ ನಡುದಂಟಿನ ಸುತ್ತ ಕೂದಲಿನಷ್ಟು ತೆಳುವಾದ ಲೋಹದ ತಂತಿಯನ್ನು ಒತ್ತೊತ್ತಾಗಿ ಸುತ್ತಿರುತ್ತಾರೆ. ಪ್ರತಿರೋಧ ಸಾಮಾನ್ಯವಾಗಿ ಅಡಿಗೆ 50ರಿಂದ 500 ಓಮ್. ಗದ್ದಲವನ್ನು ಅಡಗಿಸುವ ಕೆಲಸವನ್ನು ಸುರುಳಿಯೇ ಮಾಡುತ್ತದೆ. ಬಲವರ್ಧಿತ (ಹೆಚ್ಚು ಬಲಕ್ಕಾಗಿ ಮಾರ್ಪಡಿಸಿದ) ಎಂಜಿನ್‌ಗೆ ನಾನು ಕಣ್ಣುಮುಚ್ಚಿ ಹೇಳುವುದು ಇದನ್ನೇ, ಜೊತೆಗೆ ರೆಸಿಸ್ಟರ್ ಇರುವ ಪ್ಲಗ್.

ಹಾಗೆಂದು 50 ಓಮ್ ವೈರು 500 ಓಮ್ ವೈರಿಗಿಂತ ಹತ್ತು ಪಟ್ಟು ಒಳ್ಳೆಯದು ಎಂದುಕೊಳ್ಳಬೇಡಿ. ಕಿಡಿ ಹಾರಿದ ಮೇಲೆ ವೈರಿನಲ್ಲಿ ಹರಿಯುವ ಕರೆಂಟು 50 ಮಿಲಿಆಂಪ್ ಎಂದಿಟ್ಟುಕೊಳ್ಳಿ. ವೈರಿನ ಒಟ್ಟು ಪ್ರತಿರೋಧ 5,000 ಓಮ್ ಇದ್ದರೂ ಅದರಲ್ಲಿ ಕಳೆದುಹೋಗುವುದು 250 ವೋಲ್ಟ್. ಕಿಡಿ ಹಾರಿಸಲು 20,000 ವೋಲ್ಟ್ ಏರಿಸುವ ಕಾಯಿಲ್ಲಿಗೆ ಇದು ಚಿಲ್ಲರೆ. ಸುರುಳಿ ಎಳೆಯನ್ನು ಆರಿಸುವುದು ಅದರ ಬಾಳಿಕೆಗಾಗಿ.

ಹೆಜ್ಜೆ 3: ದಪ್ಪ, ಹೊದಿಕೆ, ಬೂಟ್

7, 8, 8.5, 10 ಮಿಲಿಮೀಟರ್ ಎಂಬ ಅಳತೆ ಹೊರಮೈಯದು, ಒಳಗಿನ ಎಳೆಯದಲ್ಲ. ದಪ್ಪ ಹೆಚ್ಚಿದರೆ ಹೊದಿಕೆ ಹೆಚ್ಚಿತು ಎಂದಷ್ಟೇ ಅರ್ಥ. ಬೀದಿಯಲ್ಲಿ ಓಡುವ ಬಹುಪಾಲು ಬಲವರ್ಧಿತ ಎಂಜಿನ್‌ಗಳಿಗೆ 8 ಅಥವಾ 8.5 ಸಾಕು. 10 ಮಿಲಿಮೀಟರಿನ ವೈರು ನೋಡಲು ಗತ್ತಾಗಿರುತ್ತದೆ, ಆದರೆ ಇಕ್ಕಟ್ಟಿನ ತಿರುವಿನಲ್ಲಿ ಬಾಗದೆ ಹಟ ಹಿಡಿದು ಬೂಟನ್ನೇ (ವೈರಿನ ತುದಿಯಲ್ಲಿ ಪ್ಲಗ್ಗನ್ನು ಮುಚ್ಚಿ ಕೂರುವ ಟೊಪ್ಪಿ) ಪ್ಲಗ್ಗಿನಿಂದ ಮೇಲೆತ್ತುತ್ತದೆ. ಹೊದಿಕೆ ಸಿಲಿಕೋನ್‌ನದಾಗಿರಲಿ, ನಡುವೆ ಗಾಜಿನ ನಾರಿನ ಹೆಣಿಗೆ ಇರಲಿ. ಬಣ್ಣ ನಿಮ್ಮಿಷ್ಟ.

ಬೂಟಿನ ವಿಷಯದಲ್ಲಿ ಜಿಪುಣತನ ಬೇಡ. ವೈರ್ ಕೈಕೊಡುವುದು ಹೆಚ್ಚಾಗಿ ಇಲ್ಲಿಯೇ. ನೇರ, 45, 90, 135 ಡಿಗ್ರಿ ಹೀಗೆ ಕೋನಗಳಿವೆ. ಪ್ಲಗ್ ಕೂತಿರುವ ಜಾಗಕ್ಕೂ ಸಿಲಿಂಡರಿನ ಹೊಗೆ ಹೊರಬರುವ ಹೆಡರ್ ಪೈಪಿಗೂ ನಡುವೆ ಬೆರಳು ಆಡಿಸಿ ನೋಡಿ, ವೈರು ಯಾವ ಕಡೆ ಹೊರಬಂದರೆ ಪೈಪಿನಿಂದ ಹೆಚ್ಚು ದೂರವಿರುತ್ತದೋ ಆ ಕೋನ ತೆಗೆದುಕೊಳ್ಳಿ. ಒಂದೇ ಎಂಜಿನ್ನಿಗೆ ಎರಡು ಬಗೆಯ ಬೂಟು ಬೇಕಾದರೂ ಆಶ್ಚರ್ಯವಿಲ್ಲ. ಸಿಲಿಕೋನ್ ಸುಮಾರು 200 ಡಿಗ್ರಿ ಸೆಲ್ಸಿಯಸ್‌ವರೆಗೆ ತಾಳಿಕೊಳ್ಳುತ್ತದೆ. ಜೋರಾಗಿ ಓಡಿಸಿದಾಗ ಹೆಡರ್ ಪೈಪಿನ ಮೈ 500 ದಾಟುವುದುಂಟು. ಪೈಪು ಬೂಟಿಗೆ ತೀರಾ ಒತ್ತಿಕೊಂಡಿರುವ ಕಡೆ ಸೆರಾಮಿಕ್ ಬೂಟೇ ಗತಿ. ಬೂಟು ಬೇಯುವುದು ಓಡುವಾಗ ಮಾತ್ರವಲ್ಲ: ಕಾರು ನಿಲ್ಲಿಸಿ ಎಂಜಿನ್ ಆಫ್ ಮಾಡಿದ ಮೇಲೆ ಗಾಳಿ ನಿಲ್ಲುತ್ತದೆ, ಪೈಪಿನ ಬಿಸಿ ನಿಲ್ಲುವುದಿಲ್ಲ.

ಇನ್ನೊಂದು ತುದಿಯಲ್ಲಿ ಡಿಸ್ಟ್ರಿಬ್ಯೂಟರ್ ಕ್ಯಾಪಿನ ಬಾಯಿ ನೋಡಿಕೊಳ್ಳಿ. ಕೆಲವಕ್ಕೆ ವೈರು ಗುಳಿಯೊಳಗೆ ಇಳಿಯುತ್ತದೆ, ಕೆಲವಕ್ಕೆ ಮೇಲೆದ್ದ ಗೂಟದ ಮೇಲೆ ಕೂರುತ್ತದೆ. ಒಂದರ ಟರ್ಮಿನಲ್ (ವೈರಿನ ತುದಿಯ ಲೋಹದ ಕೊಂಡಿ) ಇನ್ನೊಂದಕ್ಕೆ ಆಗದು.

ಹೆಜ್ಜೆ 4: ಅಳೆದು ಕತ್ತರಿಸುವುದು

ಎಂಜಿನ್ ಪೂರ್ತಿ ತಣ್ಣಗಾಗಿರಲಿ, ಬ್ಯಾಟರಿಯ ನೆಗೆಟಿವ್ ಬಿಚ್ಚಿಡಿ. ಹಳೆಯ ಬೂಟನ್ನು ಕಾಲು ಸುತ್ತು ತಿರುಗಿಸಿ ಬಿಡಿಸಿಕೊಂಡು ಆಮೇಲೆ ಎಳೆಯಿರಿ. ವೈರು ಹಿಡಿದು ಎಳೆದರೆ ಟರ್ಮಿನಲ್ ಪ್ಲಗ್ಗಿನಲ್ಲೇ ಉಳಿದು ವೈರು ಮಾತ್ರ ಕೈಗೆ ಬರುತ್ತದೆ. ಒಂದು ಬಿಚ್ಚಿ ಒಂದು ಹಾಕಿ. ಎಂಟನ್ನೂ ಒಮ್ಮೆಲೇ ಕಿತ್ತರೆ ಯಾವುದು ಎಲ್ಲಿಯದೆಂದು ಹುಡುಕುವುದರಲ್ಲೇ ಸಂಜೆಯಾಗುತ್ತದೆ.

ಅಳತೆಗೆ ಒಂದು ದಪ್ಪ ದಾರ ಸಾಕು. ವೈರು ಹೋಗಬೇಕಾದ ದಾರಿಯಲ್ಲೇ, ಎಲ್ಲ ತಿರುವುಗಳೊಂದಿಗೆ ದಾರ ಎಳೆದು, ಎರಡು ಬೆರಳಗಲ ಹೆಚ್ಚಿಗೆ ಸೇರಿಸಿ. ಕಾಯಿಲ್ ಎಂಜಿನ್ ಮೇಲಿರದೆ ಕಾರಿನ ಬಾಡಿಯ ಮೇಲಿದ್ದರೆ ಆ ವೈರಿಗೆ ಇನ್ನಷ್ಟು ಸಡಿಲ ಬೇಕು. ಥ್ರಾಟಲ್ ಒತ್ತಿದಾಗ ಎಂಜಿನ್ ಮೌಂಟುಗಳ ಮೇಲೆ ವಾಲುತ್ತದೆ, ಬಾಡಿ ವಾಲುವುದಿಲ್ಲ.

ಕತ್ತರಿಸಿದ ಮೇಲೆ ಮೊದಲ ಕೆಲಸ ಬೂಟನ್ನು ವೈರಿಗೆ ಏರಿಸುವುದು. ನಗಬೇಡಿ, ಟರ್ಮಿನಲ್ ಒತ್ತಿ ಮುಗಿಸಿ, ಪಕ್ಕದಲ್ಲಿ ಬಿದ್ದಿರುವ ಬೂಟನ್ನು ನೋಡಿ ಹಣೆ ಚಚ್ಚಿಕೊಳ್ಳದವರು ಕಡಿಮೆ. ನಂತರ ತುದಿಯಿಂದ ಸುಮಾರು 12 ಮಿಲಿಮೀಟರ್ ಹೊದಿಕೆ ಬಿಡಿಸಬೇಕು. ಬ್ಲೇಡನ್ನು ಒತ್ತದೆ, ವೈರನ್ನು ಅದರಡಿ ಉರುಳಿಸುತ್ತ ಮುಕ್ಕಾಲು ಆಳಕ್ಕೆ ಮಾತ್ರ ಗೀರಿ, ಉಳಿದದ್ದನ್ನು ಬಾಗಿಸಿ ಹರಿಯಿರಿ. ಬ್ಲೇಡು ಎಳೆಗೆ ತಾಗಿದರೆ ಆ ಕೂದಲೆಳೆಯ ತಂತಿ ಅಲ್ಲೇ ತುಂಡಾಗುತ್ತದೆ, ಹೊರಗಿನಿಂದ ಕಾಣುವುದೂ ಇಲ್ಲ. ಈಗ ಹೊರಬಂದ ಎಳೆಯನ್ನು ಹಿಂದಕ್ಕೆ ಮಡಚಿ ಹೊದಿಕೆಯ ಮೈಗೆ ಒರಗಿಸಿ. ಟರ್ಮಿನಲ್ಲಿನ ತೊಟ್ಟಿಲು ಹೊದಿಕೆಯನ್ನೂ ಮಡಚಿದ ಎಳೆಯನ್ನೂ ಒಟ್ಟಿಗೆ ಅಪ್ಪಿಕೊಳ್ಳಬೇಕು. ಲೋಹಕ್ಕೆ ಎಳೆ ನೇರವಾಗಿ ತಾಗುತ್ತಿರಬೇಕು. ಇದಕ್ಕೆಂದೇ ಇರುವ ಕ್ರಿಂಪಿಂಗ್ ಉಪಕರಣ ಟರ್ಮಿನಲ್ಲಿನ ಎರಡು ಕಿವಿಗಳನ್ನು ಒಳಕ್ಕೆ ಸುರುಳಿಸಿ ಹೊದಿಕೆಗೆ ಕಚ್ಚಿಸುತ್ತದೆ. ಇಕ್ಕಳದಿಂದ ಚಪ್ಪಟೆ ಮಾಡಿದರೆ ಇಂದಿಗೆ ನಡೆಯುತ್ತದೆ, ಕಂಪನಕ್ಕೆ ನಾಳೆ ಸಡಿಲವಾಗುತ್ತದೆ.

ಮಲ್ಟಿಮೀಟರಿನ ಮುಳ್ಳುಗಳನ್ನು ಎರಡೂ ತುದಿಗೆ ಇಟ್ಟು ಓಮ್ ನೋಡಿ. ಅಡಿಗೆ 500ರ ವೈರು ಎರಡು ಅಡಿ ಇದ್ದರೆ ಸುಮಾರು 1,000 ತೋರಿಸಬೇಕು. ಅಳೆಯುತ್ತಲೇ ತುದಿಯನ್ನು ಅಲ್ಲಾಡಿಸಿ. ಅಂಕಿ ಕುಣಿದರೆ ಕ್ರಿಂಪ್ ಸರಿಯಿಲ್ಲ, ಮತ್ತೆ ಮಾಡಿ. ಕೊನೆಗೆ ಬೂಟಿನ ಒಳಮೈಗೆ ಡೈಎಲೆಕ್ಟ್ರಿಕ್ ಗ್ರೀಸನ್ನು ತೆಳ್ಳಗೆ ಸವರಿ. ಅದು ತೇವವನ್ನು ಹೊರಗಿಡುತ್ತದೆ, ಮುಂದಿನ ಸಲ ಬೂಟು ಪಿಂಗಾಣಿಗೆ ಅಂಟಿಕೊಳ್ಳದಂತೆಯೂ ಕಾಯುತ್ತದೆ.

ಹೆಜ್ಜೆ 5: ದಾರಿ

ನಾನು ಮೊದಲ ಸಲ ವಿ8 ಎಂಜಿನ್ನಿಗೆ ವೈರ್ ಎಳೆದಾಗ ಒಂದೊಂದು ಬದಿಯ ನಾಲ್ಕನ್ನೂ ಸೇರಿಸಿ ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿದು ಜಡೆಯಂತೆ ಮಾಡಿದ್ದೆ. ನೋಡಿದವರೆಲ್ಲ ಹೊಗಳಿದರು. ಎಂಜಿನ್ ಮಾತ್ರ 4,000 ಆರ್‌ಪಿಎಂ ದಾಟಿದೊಡನೆ ಒಳಗೆ ಯಾರೋ ಸುತ್ತಿಗೆಯಿಂದ ತಟ್ಟಿದಂತೆ ಸದ್ದು ಮಾಡುತ್ತಿತ್ತು. ವೈರುಗಳೆಲ್ಲ ಹೊಸವು, ಒಂದರಲ್ಲೂ ಬಿರುಕಿರಲಿಲ್ಲ. ತಪ್ಪಿದ್ದದ್ದು ಜಡೆಯಲ್ಲಿ.

ಒಂದು ವೈರಿನಲ್ಲಿ ವೋಲ್ಟೇಜ್ ಥಟ್ಟನೆ ಏರಿದಾಗ ಅದಕ್ಕೆ ಒತ್ತಿಕೊಂಡು ಸಮಾನಾಂತರವಾಗಿ ಸಾಗುವ ವೈರಿನಲ್ಲೂ ಸ್ವಲ್ಪ ವೋಲ್ಟೇಜ್ ಹುಟ್ಟುತ್ತದೆ. ನಡುವಿನ ಹೊದಿಕೆ ಎಷ್ಟೇ ಚೆನ್ನಾಗಿದ್ದರೂ ಇದು ತಪ್ಪುವುದಿಲ್ಲ. ಹೆಚ್ಚಿನ ಸಿಲಿಂಡರ್‌ಗಳಲ್ಲಿ ಆ ಹೊತ್ತಿಗೆ ಉರಿಯುವಂಥದ್ದೇನೂ ಇರುವುದಿಲ್ಲವಾದ್ದರಿಂದ ತೊಂದರೆಯಿಲ್ಲ. ಅಪಾಯ ಇರುವುದು ಮುಂದಿನ ಸರದಿಯ ಸಿಲಿಂಡರ್ ಪಕ್ಕದ್ದೇ ಆಗಿದ್ದಾಗ.

1955ರಲ್ಲಿ ಬಂದ ಷೆವರ್ಲೆ ಸ್ಮಾಲ್ ಬ್ಲಾಕ್ ವಿ8ರ ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರ್‌ಗಳು ಉರಿಯುವ ಸರದಿ, 1-8-4-3-6-5-7-2. ಇದರಲ್ಲಿ 5 ಮತ್ತು 7 ಒಂದೇ ಬದಿಯಲ್ಲಿ ಅಕ್ಕಪಕ್ಕ ಇವೆ, ಒಂದರ ಬೆನ್ನಿಗೆ ಒಂದು ಉರಿಯುತ್ತವೆ. 5ರಲ್ಲಿ ಕಿಡಿ ಹಾರುವಾಗ 7ರ ಪಿಸ್ಟನ್ ಈಗಷ್ಟೇ ಮೇಲೇರತೊಡಗಿರುತ್ತದೆ. ಸಿಲಿಂಡರ್ ತುಂಬ ತಾಜಾ ಪೆಟ್ರೋಲ್ ಮಿಶ್ರಣ, ಒತ್ತಡ ಇನ್ನೂ ಕಡಿಮೆ. ಕಡಿಮೆ ಒತ್ತಡದಲ್ಲಿ ಕಿಡಿಗೆ ಪುಟ್ಟ ವೋಲ್ಟೇಜೇ ಸಾಕು. ಪಕ್ಕದ ವೈರಿನಿಂದ ಕಡ ಬಂದ ಆ ವೋಲ್ಟೇಜ್‌ನಿಂದ ಮಿಶ್ರಣ ಕ್ರ್ಯಾಂಕ್ 90 ಡಿಗ್ರಿ ತಿರುಗುವಷ್ಟು ಮೊದಲೇ ಹೊತ್ತಿಕೊಂಡರೆ, ಮೇಲೇರುತ್ತಿರುವ ಪಿಸ್ಟನ್ನಿಗೆ ಬೆಂಕಿ ಎದುರಾಗಿ ಒತ್ತುತ್ತದೆ. 6,000 ಆರ್‌ಪಿಎಂನಲ್ಲಿ ಆ 90 ಡಿಗ್ರಿ ಎಂದರೆ ಎರಡೂವರೆ ಮಿಲಿಸೆಕೆಂಡ್. ಪಿಸ್ಟನ್ ಒಡೆಯುವುದಕ್ಕೆ ಅಷ್ಟು ಸಾಕು. ಫೋರ್ಡ್‌ನ ಹಳೆಯ 302 ಎಂಜಿನ್ನಿನಲ್ಲಿ (1-5-4-2-6-3-7-8) ಇಂಥ ಜೋಡಿ 7 ಮತ್ತು 8.

ಆದ್ದರಿಂದ ಕಾಗದದ ಮೇಲೆ ಸಿಲಿಂಡರ್‌ಗಳ ಜಾಗ ಬರೆದುಕೊಂಡು, ಫೈರಿಂಗ್ ಆರ್ಡರಿನಲ್ಲಿ ಅಕ್ಕಪಕ್ಕ ಬರುವ ನೆರೆಹೊರೆಯವರನ್ನು ಗುರುತಿಸಿ. ಆ ಎರಡು ವೈರುಗಳ ನಡುವೆ ಇನ್ನೊಂದು ವೈರು ಬರುವಂತೆ ಜೋಡಿಸಿ, ಇಲ್ಲವೇ ಎರಡಕ್ಕೂ ಬೇರೆ ದಾರಿ ಕೊಡಿ. ದಾಟಲೇಬೇಕಾದರೆ ಅಡ್ಡಡ್ಡವಾಗಿ, ಕೂಡುರಸ್ತೆಯಂತೆ ದಾಟಲಿ. ಉಳಿದವಕ್ಕೂ ಪ್ಲಾಸ್ಟಿಕ್ ಸೆಪರೇಟರ್ ಹಾಕಿ, ಒಂದಕ್ಕೊಂದು ಮೈ ತಾಗದಿರಲಿ. ನಾಲ್ಕು ಸಿಲಿಂಡರಿನ 1-3-4-2ರಲ್ಲೂ 3-4 ಮತ್ತು 2-1 ನೆರೆಹೊರೆಯವೇ. ವೈರು ಚಿಕ್ಕದಾದ್ದರಿಂದ, ಸರದಿಯ ನಡುವೆ 180 ಡಿಗ್ರಿ ಅಂತರ ಇರುವುದರಿಂದ ಕಾಟ ಕಡಿಮೆ, ಅಷ್ಟೇ.

ಸೆನ್ಸರಿನ ವೈರುಗಳಿಂದ ಗೇಣು ದೂರ. ಹೆಡರ್ ಪೈಪಿನಿಂದ ಎರಡು ಬೆರಳಾದರೂ ದೂರ, ಆಗದಿದ್ದಲ್ಲಿ ಗಾಜಿನ ನಾರಿನ ತೋಳು. ಬರೀ ಲೋಹದ ಬ್ರಾಕೆಟ್ಟಿನ ಅಂಚಿಗೆ ವೈರು ಒರಗಬಾರದು. ತೀರಾ ಕಡಿದಾಗಿ ಮಡಚಬೇಡಿ.

ಹೆಜ್ಜೆ 6: ಕತ್ತಲಲ್ಲಿ ಒಂದು ಸಲ

ರಾತ್ರಿ, ದೀಪ ಆರಿಸಿ, ಬಯಲಿನಲ್ಲಿ ಎಂಜಿನ್ ಚಾಲೂ ಮಾಡಿ ಬಾನೆಟ್ ತೆರೆದು ನೋಡಿ. ಪೆಟ್ರೋಲ್ ವಾಸನೆ ಬರುತ್ತಿದ್ದರೆ ಈ ಪರೀಕ್ಷೆ ಬೇಡ. ಫ್ಯಾನ್ ಬೆಲ್ಟಿನಿಂದ ಕೈ ಬಟ್ಟೆ ದೂರವಿರಲಿ, ವೈರು ಮುಟ್ಟಬೇಡಿ, ಪೇಸ್‌ಮೇಕರ್ ಇರುವವರು ಹತ್ತಿರ ಬರಬಾರದು. ಸ್ಪ್ರೇ ಬಾಟಲಿಯಿಂದ ವೈರುಗಳ ಮೇಲೆ ಮಂಜಿನಷ್ಟು ನೀರು ಸಿಂಪಡಿಸಿದರೆ ಸೋರುವ ಕಡೆ ನೀಲಿ ಎಳೆ ಮಿನುಗಿ ಚಟಪಟ ಸದ್ದಾಗುತ್ತದೆ. ಆ ಬೂಟನ್ನು ತೆಗೆದು ಒಳಗೆ ಬೆಳಕು ಬಿಡಿ. ಪಿಂಗಾಣಿಯ ಮೇಲೆ ಪೆನ್ಸಿಲ್ ಗೆರೆಯಂಥ ಕಪ್ಪು ಗೀರು ಇದ್ದರೆ ಅದು ಕಿಡಿ ಹೊರಗೆ ಓಡಿದ ದಾರಿ. ಒರೆಸಿ ಸುಮ್ಮನಾಗಬೇಡಿ, ಪ್ಲಗ್ಗನ್ನೂ ಬೂಟನ್ನೂ ಒಟ್ಟಿಗೆ ಬದಲಿಸಿ. ಒಂದನ್ನೇ ಬದಲಿಸಿದರೆ ಹಳೆಯದರ ಗೀರು ಹೊಸದಕ್ಕೂ ದಾರಿ ತೋರಿಸುತ್ತದೆ. ಪಿಂಗಾಣಿ ಲೋಹದೊಳಗೆ ಇಳಿಯುವ ಜಾಗದಲ್ಲಿ ಕಾಣುವ ಕಂದು ಉಂಗುರಕ್ಕೆ ಮಾತ್ರ ಹೆದರಬೇಕಿಲ್ಲ. ಹೆಚ್ಚು ವೋಲ್ಟೇಜಿನ ಸುತ್ತ ಎಣ್ಣೆ, ದೂಳಿನ ಕಣಗಳು ಕೂತು ಆದ ಕಲೆ ಅದು.

ಕೆಲವು ನೂರು ಕಿಲೋಮೀಟರ್ ಓಡಿಸಿದ ಮೇಲೆ ಟಾರ್ಚ್ ಹಿಡಿದು ಇನ್ನೊಮ್ಮೆ ಎಲ್ಲ ವೈರುಗಳ ಮೇಲೂ ಕಣ್ಣಾಡಿಸಿ. ಎಲ್ಲಿ ಹೊದಿಕೆ ಸವೆದು ಹೊಳೆಯುತ್ತಿದೆಯೋ ಅಲ್ಲಿ ಅದು ಯಾವುದಕ್ಕೋ ಉಜ್ಜುತ್ತಿದೆ. ಸೆಪರೇಟರನ್ನು ಅಷ್ಟು ಸರಿಸಿದರಾಯಿತು.