ಕ್ಯಾರವಾನ್ ಬಾಗಿಲಿನ ಬಿಗಿ ಬಿಡಿಸಿದ್ದು: ನನ್ನ ಅನುಭವ

ನಾವು ಇಂಗ್ಲೆಂಡಿನಲ್ಲಿ ಸೆಕೆಂಡ್ ಹ್ಯಾಂಡ್ ಕ್ಯಾರವಾನ್ (ಕಾರಿನ ಹಿಂದೆ ಕಟ್ಟಿ ಎಳೆದೊಯ್ಯುವ ಪುಟ್ಟ ಮನೆಯಂಥ ಗಾಡಿ) ಇಟ್ಟುಕೊಂಡಿದ್ದೇವೆ. ಚಳಿಗಾಲವೆಲ್ಲ ಮುಚ್ಚಿಟ್ಟು ಮಾರ್ಚ್‌ನಲ್ಲಿ ತೆಗೆಯಲು ಹೋದರೆ ಬಾಗಿಲು ಅರ್ಧಕ್ಕೇ ಬಿಗಿಯಿತು. ಇನ್ನಷ್ಟು ತಳ್ಳಿದರೆ ಬಿಜಾಗರಿ ಪಕ್ಕದ ತಗಡು ಬಾಗುವುದು ಕಣ್ಣಿಗೇ ಕಾಣುತ್ತಿತ್ತು. ತಳ್ಳುವುದನ್ನು ಅಲ್ಲಿಗೇ ನಿಲ್ಲಿಸಿದೆ.

ಈ ಹಳೇ ಗಾಡಿಗಳ ಗೋಡೆ ಅಂದರೆ ತೆಳು ಅಲ್ಯೂಮಿನಿಯಂ ತಗಡು, ಹಿಂದೆ ಸಣ್ಣ ಮರದ ಪಟ್ಟಿ, ಅಷ್ಟೇ. ಬಾಗಿಲನ್ನು ಜೋರಾಗಿ ತಳ್ಳಿದರೆ ಭಾರವೆಲ್ಲ ಬಿಜಾಗರಿಯ ಸ್ಕ್ರೂಗಳ ಮೇಲೆ. ಸ್ಕ್ರೂ ಅಲುಗಾಡಿದರೆ ಹಿಂದಿನ ಸೀಲಂಟ್, ಅಂದರೆ ನೀರು ಒಳಗೆ ಬರದಂತೆ ಸಂದಿಗೆ ತುಂಬಿದ ಅಂಟು, ಬಿಟ್ಟುಕೊಳ್ಳುತ್ತದೆ, ಮಳೆನೀರು ಒಳಗಿಳಿಯುತ್ತದೆ, ಮರ ಕೊಳೆಯುತ್ತದೆ. ಆ ರಿಪೇರಿ ಜೇಬು ಖಾಲಿ ಮಾಡುವಂಥದ್ದು.

ಕೀಲಿನ ಸಂದಿಯಲ್ಲಿ ಕೆಂಪು ತುಕ್ಕಿಗಿಂತ ಜಾಸ್ತಿ ಇದ್ದದ್ದು ಬಿಳಿ ಪುಡಿ. ನಮ್ಮ ಬಿಜಾಗರಿ ಅಲ್ಯೂಮಿನಿಯಂನದು, ಒಳಗಿನ ಪಿನ್ ಉಕ್ಕಿನದು. ಬೇರೆ ಬೇರೆ ಲೋಹಗಳ ನಡುವೆ ಉಪ್ಪುನೀರು ಸೇರಿದರೆ ಅಲ್ಯೂಮಿನಿಯಂ ತಿಂದುಹೋಗಿ ಹೀಗೆ ಪುಡಿಯಾಗುತ್ತದೆ. ಪುಡಿಗೆ ಲೋಹಕ್ಕಿಂತ ಹೆಚ್ಚು ಜಾಗ ಬೇಕು. ಹಾಗಾಗಿ ಪಿನ್ ಸುತ್ತ ತುಂಬಿ ಅದನ್ನು ಹಿಡಿದುಬಿಡುತ್ತದೆ. ನಾವು ಹೋಗುವುದು ಕಡಲ ತೀರಕ್ಕೇ ಹೆಚ್ಚು. ಸಾಲದ್ದಕ್ಕೆ ಚಳಿಗಾಲದಲ್ಲಿ ಮಂಜುಗಡ್ಡೆ ಕಟ್ಟದಿರಲೆಂದು ಇಲ್ಲಿನ ರಸ್ತೆಗೂ ಉಪ್ಪು ಹಾಕುತ್ತಾರೆ.

ಮೊದಲು ಹಳೇ ಟೂತ್‌ಬ್ರಶ್ಶಿನಿಂದ ಸಂದಿಗಳನ್ನು ಉಜ್ಜಿದೆ. ಬಾಗಿಲಿನ ರಬ್ಬರಿಗೆ ಎಣ್ಣೆ ತಾಗದಂತೆ ಬಟ್ಟೆ ಸಿಕ್ಕಿಸಿದೆ. ಆಮೇಲೆ ಹೇರ್ ಡ್ರೈಯರ್ ಹಿಡಿದು ಬಿಜಾಗರಿಯನ್ನು ಬಿಸಿ ಮಾಡಿದೆ. ಬಿಸಿಗೆ ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡರಷ್ಟು ಹಿಗ್ಗುತ್ತದೆ, ಹಾಗಾಗಿ ಪಿನ್ ಸುತ್ತ ಕೂದಲೆಳೆಯಷ್ಟಾದರೂ ಜಾಗ ಬಿಡುತ್ತದೆ. ಬೆಂಕಿಯ ಜ್ವಾಲೆ ಉಗುಳುವ ಬ್ಲೋ ಟಾರ್ಚ್ ಮಾತ್ರ ಖಂಡಿತ ಬೇಡ, ಸುತ್ತಲಿನ ಪ್ಲಾಸ್ಟಿಕ್, ಸೀಲಂಟ್ ಎಲ್ಲ ಕರಗಿಹೋಗುತ್ತದೆ. ಡ್ರೈಯರ್ ಆರಿಸಿ ಪಕ್ಕಕ್ಕಿಟ್ಟ ಮೇಲೆಯೇ ಪೆನೆಟ್ರೇಟಿಂಗ್ ಆಯಿಲ್ (ಸಣ್ಣ ಸಂದಿಗೂ ಇಳಿದು ಬಿಗಿ ಬಿಡಿಸುವ ತೆಳು ಎಣ್ಣೆ) ಬಿಟ್ಟೆ, ಅದು ಬೆಂಕಿ ಹತ್ತುವ ವಸ್ತು. ಕೀಲಿನ ಮೇಲಿನ ತುದಿಯಿಂದ ಹನಿ ಹನಿಯಾಗಿ ಬಿಟ್ಟರೆ ತಾನೇ ಕೆಳಗಿಳಿಯುತ್ತದೆ. ರಾತ್ರಿಯೆಲ್ಲ ಹಾಗೇ ಬಿಟ್ಟೆ.

ಮರುದಿನ ಬಾಗಿಲನ್ನು ಹಿಡಿಯಿಂದ ಎಳೆಯದೆ, ಬಿಜಾಗರಿಯ ಹತ್ತಿರವೇ ಎರಡೂ ಕೈಯಲ್ಲಿ ಹಿಡಿದು ಒಂಚೂರು ಮುಂದೆ, ಒಂಚೂರು ಹಿಂದೆ ಆಡಿಸಿದೆ. ಪ್ರತಿ ಸಲವೂ ಸಂದಿಯಿಂದ ಬೂದು ಬಣ್ಣದ ಕೆಸರು ಹೊರಬಂತು. ಒರೆಸುವುದು, ಮತ್ತೆ ಎಣ್ಣೆ, ಮತ್ತೆ ಆಡಿಸುವುದು. ಎಣ್ಣೆ ತಿಳಿಯಾಗಿ ಬರುವವರೆಗೆ ಬಿಡಲಿಲ್ಲ. ಈ ಕೆಲಸದಲ್ಲಿ ತಾಳ್ಮೆ ಬೇಕಾಗುವುದು ಇಲ್ಲೇ. ಪಿನ್ನನ್ನು ಸುತ್ತಿಗೆಯಿಂದ ಹೊಡೆದು ತೆಗೆಯಬಹುದು ಅನ್ನುವವರಿದ್ದಾರೆ. ಎರಕದ ಬಿಜಾಗರಿ ಸುಲಭವಾಗಿ ಸೀಳುತ್ತದೆ, ಅದಕ್ಕೇ ನಾನು ಆ ದಾರಿ ಹಿಡಿಯಲಿಲ್ಲ.

ಎಷ್ಟೋ ಜನ ಡಬ್ಲ್ಯುಡಿ-40 ಅನ್ನುವ ಸ್ಪ್ರೇ ಹೊಡೆದು ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ. 1953ರಲ್ಲಿ ಅಮೆರಿಕದಲ್ಲಿ ಅದನ್ನು ತಯಾರಿಸಿದ್ದೇ ಲೋಹದ ಮೇಲಿನ ನೀರನ್ನು ಓಡಿಸಲು. ಮೊದಲ ಹಂತಕ್ಕೆ ಪರವಾಗಿಲ್ಲ, ಆದರೆ ಕೀಲಿನಲ್ಲಿ ಬಹಳ ದಿನ ನಿಲ್ಲುವ ಜಿಡ್ಡು ಅದಲ್ಲ. ನಾನು ಎಣ್ಣೆಯನ್ನೆಲ್ಲ ಒರೆಸಿ, ಒಣಗಿಸಿ, ಕೊನೆಗೆ ಪಿಟಿಎಫ್ಇ (ನಾನ್‌ಸ್ಟಿಕ್ ಬಾಣಲೆಗೆ ಬಳಿಯುವ ಟೆಫ್ಲಾನ್) ಇರುವ ಡ್ರೈ ಲೂಬ್ ಸ್ಪ್ರೇ, ಅಂದರೆ ಎಣ್ಣೆಯ ಜಿಡ್ಡಿಲ್ಲದೆ ಜಾರುವಂತೆ ಮಾಡುವ ಸ್ಪ್ರೇ, ಹೊಡೆದೆ. ಇದಕ್ಕೆ ದೂಳು, ಮರಳು ಅಷ್ಟಾಗಿ ಅಂಟುವುದಿಲ್ಲ, ಕಡಲ ತೀರಕ್ಕೆ ಹೋಗುವವರಿಗೆ ಅದೇ ಮುಖ್ಯ ಅಲ್ವಾ? ರಬ್ಬರಿಗೆ ಸಿಲಿಕೋನ್ ಸ್ಪ್ರೇ ಬೇರೆಯಾಗಿ ಹಾಕಿದೆ.

ಆಮೇಲೆ ಸ್ಕ್ರೂಗಳನ್ನು ಒಂದೊಂದಾಗಿ ಬಿಚ್ಚಿ, ತೂತಿಗೆ ರಬ್ಬರಿನಂಥ ಬ್ಯುಟೈಲ್ ಸೀಲಂಟ್ ತುಂಬಿ ಮತ್ತೆ ತಿರುಗಿಸಿದೆ. ಈಗ ಬಾಗಿಲು ಒಂದು ಬೆರಳಿಗೇ ತಿರುಗುತ್ತದೆ. ಕೆಳಗಿನ ಬಿಜಾಗರಿ ಮಾತ್ರ ಮೇಲಿನದಕ್ಕಿಂತ ಸ್ವಲ್ಪ ಬಿಗಿ. ಅಲ್ಲಿ ಮತ್ತೆ ಬಿಳಿ ಪುಡಿ ಕಂಡರೆ ಬಿಜಾಗರಿಯನ್ನೇ ಬದಲಾಯಿಸುತ್ತೇನೆ.